ಗೋಡೆಯ ಮೇಲಿನ ಕೆರೆ

ನಗರಸಭೆಯ ನಕ್ಷೆಗಾರನನ್ನು ಎಲ್ಲರೂ ಕೋಲಣ್ಣ ಎನ್ನುತ್ತಿದ್ದರು. ಸಭಾಂಗಣದ ಗೋಡೆಯ ಮೇಲೆ ಎರಡಾಳೆತ್ತರದ ಊರ ನಕ್ಷೆಯಿತ್ತು. ಸಭೆಯಲ್ಲಿ ಯಾವ ಬೀದಿಯ ಮಾತು ಬಂದರೂ ಉದ್ದನೆಯ ಕೋಲಿನಿಂದ ಅದನ್ನು ಮುಟ್ಟಿ ತೋರಿಸುವುದು ಅವನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ. ಕೇಳಿದ್ದನ್ನು ತೋರಿಸಬೇಕು, ಬಾಯಿ ಬಿಡಬಾರದು. ಪಾಪ, ಬಾಯಿಲ್ಲದವನು ಎಂದು ಮರುಗಿದವರುಂಟು. ಮರುಗುವ ಅಗತ್ಯವಿರಲಿಲ್ಲ. ಮಾತಾಡುವವರ ನಡುವೆ ಸುಮ್ಮನೆ ನಿಂತಿರುವುದರಲ್ಲೂ ಒಂದು ಸುಖವಿದೆ. ಅದು ಅವನಿಗೆ ಹಿಡಿಸಿತ್ತು.

ನಕ್ಷೆಯ ಪ್ರಕಾರ ಅವನ ವಾಸ ಕೆರೆಯೊಳಗೆ. ಆ ಕೆರೆ ಅವನು ಹುಟ್ಟುವ ಮೊದಲೇ ಬತ್ತಿತ್ತು. ಹಳೆಯ ಗಿರಣಿ ಕೆಡವಿದಾಗ ಇಟ್ಟಿಗೆಚೂರನ್ನೆಲ್ಲ ಅದಕ್ಕೆ ಸುರಿದರು, ಅದರ ಮೇಲೆ ಒಂದೊಂದಾಗಿ ನಲವತ್ತೊಂದು ಮನೆ ಎದ್ದವು. ಕೊನೆಯಿಂದ ಮೂರನೆಯದರಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅವಳ ನಾಲಿಗೆ ಇಸ್ತ್ರಿಪೆಟ್ಟಿಗೆಗಿಂತ ಬಿಸಿ.

ಹೀಗೆ ಎರಡು ಕಡೆ ಬದುಕುವವನಿಗೆ ಬರುವಂಥ ಭ್ರಮೆಗಳು ಅವನಿಗೂ ಬರುತ್ತಿದ್ದವು. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟರೆ ನೀರಿನ ತಳದಲ್ಲಿ ನಡೆದಂತಾಗುವುದು. ತಂತಿಯ ಮೇಲಿನ ಅಂಗಿಗಳು ಮೀನುಗಳ ಹಾಗೆ ನಿಧಾನವಾಗಿ ಮಗ್ಗುಲು ಬದಲಿಸುವವು. ಮಹಡಿಯ ಕಿಟಕಿಯಲ್ಲಿ ಯಾರಾದರೂ ಕೆಮ್ಮಿದರೆ ಗುಳ್ಳೆ ಏಳುತ್ತದೇನೋ ಎಂದು ತಲೆಯೆತ್ತಿ ನೋಡುವನು. ಬೀದಿಯ ತಿರುವು ದಾಟಿ ಬಿಸಿಲಿಗೆ ಬಂದಾಗ ದಡ ಹತ್ತಿದವನಂತೆ ಒಮ್ಮೆ ಉಸಿರೆಳೆದುಕೊಳ್ಳುವನು.

ಇದಕ್ಕೆಲ್ಲ ಕಾರಣ ಅವನೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಹರಿದುಹೋಗಿದ್ದ ಹಳೆಯ ನಕ್ಷೆಯನ್ನು ಹೊಸ ಬಟ್ಟೆಗೆ ಇಳಿಸಲು ಹೇಳಿದ್ದರು. ಹಳೆಯದರಲ್ಲಿ ಕೆರೆಯಿತ್ತು, ಅವನು ಕೆರೆ ಬರೆದ. ಆ ಬೆಳಿಗ್ಗೆ ತಾನು ಎದ್ದು ಬಂದದ್ದು ಅಲ್ಲಿಂದಲೇ ಎಂಬುದು ಗೊತ್ತಿರಲಿಲ್ಲವೆಂದಲ್ಲ. ನಕಲು ಎಂದರೆ ನಕಲು ಎಂದು ಹೇಳಿಕೊಟ್ಟಿದ್ದರು. ಆ ನೀಲಿಯನ್ನು ಕಂಡವರೆಲ್ಲ ಮೆಚ್ಚಿದರು. ಬೇರೆ ಯಾವ ಕೆಲಸಕ್ಕೂ ಅವನನ್ನು ಯಾರೂ ಅಷ್ಟು ಹೊಗಳಿರಲಿಲ್ಲ. ಐದು ವರ್ಷಕ್ಕೊಮ್ಮೆ ಬಣ್ಣ ಮಾಸಿದಾಗ ಮತ್ತೆ ಬಳಿದ. ಕೊನೆಯ ಸಲ ಅಂಚಿಗೆ ಪುಟ್ಟ ಬಿಳಿಯ ಅಲೆಗಳನ್ನೂ ಎಳೆದ. ಅದಕ್ಕೆ ಕ್ಷಮೆಯಿಲ್ಲ.

ಆಮೇಲೆ ತಿದ್ದಲು ನೋಡಿದ. ಮಾಸಿದ ಬಣ್ಣ ಬಳಿಯಬಹುದಿತ್ತು, ಆದರೆ ನಗರಸಭೆಯ ನಿರ್ಣಯವಿಲ್ಲದೆ ನಕ್ಷೆಯಲ್ಲಿದ್ದದ್ದನ್ನು ಬದಲಿಸುವಂತಿರಲಿಲ್ಲ. ಏಳು ಸಲ ಟಿಪ್ಪಣಿ ಬರೆದು ಮೇಲೆ ಕಳಿಸಿದ. ಏಳು ಸಲವೂ ಒಂದೇ ಉತ್ತರ: ನಕ್ಷೆಯಲ್ಲಿ ಸದರಿ ಜಾಗದಲ್ಲಿ ಬೀದಿ ಇರುವುದಿಲ್ಲವಾದ್ದರಿಂದ ನಿರ್ಣಯದ ಪ್ರಶ್ನೆ ಉದ್ಭವಿಸುವುದಿಲ್ಲ. ಹೀಗಾಗಿ ಬೀದಿಗೆ ಕೊಳಾಯಿ ಬರಲಿಲ್ಲ. ಅಕ್ಕ ದಿನಾ ಮೂಲೆಯ ನಲ್ಲಿಯಿಂದ ನೀರು ಹೊತ್ತಳು, ಕೆರೆ ಬರೆದವನ ವಂಶವನ್ನೆಲ್ಲ ಬೈದಳು. ಅದು ತನ್ನದೇ ವಂಶವೆಂದು ಅವಳಿಗೆ ತಿಳಿದಿರಲಿಲ್ಲ, ಇವನು ಹೇಳಲಿಲ್ಲ.

ಆ ವರ್ಷ ರಾಜ್ಯದಲ್ಲಿ ಹೊಸ ಕಾನೂನು ಬರುವುದಿತ್ತು. ನಗರಸಭೆಯ ನಕ್ಷೆಯಲ್ಲಿರುವ ಮನೆಗಳಿಗೆ ಹಕ್ಕುಪತ್ರ, ಕೊಳಾಯಿ, ಚರಂಡಿ. ನಕ್ಷೆಯಲ್ಲಿ ಇಲ್ಲದವು ತೆರವು. ವಸತಿಯ ಬಗ್ಗೆ, ಊರಿನ ಕಷ್ಟಸುಖದ ಬಗ್ಗೆ ಮಾತಾಡಿ, ಸಂಜೆಯೊಳಗೆ ನಕ್ಷೆಯ ಪ್ರತಿಗೆ ಸಹಿ ಹಾಕಿಸಿಕೊಂಡು ಹೋಗಲು ಮೂವರು ಶಾಸಕರು ಬಂದರು. ಇವತ್ತು ತಪ್ಪಿದರೆ ಬೀದಿ ಇಲ್ಲ ಎಂಬುದು ಆ ಸಭಾಂಗಣದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನ ಕೈಯಲ್ಲಿ ಕೋಲಿತ್ತು.

ಊಟದ ನಂತರದ ಹೊತ್ತು. ಬಿಸಿಲು ನಕ್ಷೆಯ ಮೇಲೆ ಬೀದಿಯಿಂದ ಬೀದಿಗೆ ಸರಿಯುತ್ತಿತ್ತು. ಬಸ್‌ ನಿಲ್ದಾಣ, ಕಸ, ಆಸ್ಪತ್ರೆ ರಸ್ತೆಯ ಗುಂಡಿ. ಮಾತುಗಳು ಎಲ್ಲೋ ದೂರದಲ್ಲಿ, ನೀರಿನ ಮೇಲೆ ನಡೆಯುತ್ತಿರುವಂತೆ ಅವನಿಗೆ ಕೇಳಿಸುತ್ತಿದ್ದವು. ಬಿಸಿಲು ಬಂದು ನೀಲಿಯನ್ನು ಮುಟ್ಟಿತು. ಹಿರಿಯ ಶಾಸಕರು ಕನ್ನಡಕ ಸರಿಮಾಡಿಕೊಂಡರು.

"ಎಷ್ಟು ಚೆನ್ನಾಗಿದೆ. ಊರ ನಡುವೆ ಇಂಥ ಕೆರೆ ಇಟ್ಕೊಂಡು ಸುಮ್ನೆ ಕೂತಿದೀರಲ್ಲ. ಸುತ್ತ ಉದ್ಯಾನ ಮಾಡಿ, ನಾಲ್ಕು ದೋಣಿ ಬಿಡಿ."

"ಖಂಡಿತ ಮಾಡೋಣ ಸರ್," ಎಂದರು ನಗರಸಭೆಯ ಅಧ್ಯಕ್ಷರು. ಅವರು ಈ ಊರಲ್ಲೇ ಹುಟ್ಟಿ ಬೆಳೆದವರು. ಆ ಕಡೆ ಒಮ್ಮೆಯೂ ಹೋದವರಲ್ಲ.

"ಆಳ ಎಷ್ಟಿದೆ?"

ಅಧ್ಯಕ್ಷರು ಕೋಲಣ್ಣನ ಕಡೆ ನೋಡಿದರು. ಮೂವತ್ತೊಂದು ವರ್ಷದಲ್ಲಿ, ತೋರಿಸಿ ಮುಗಿಸಲಾಗದ ಪ್ರಶ್ನೆಯೊಂದು ಅವನ ಕಡೆ ಬಂದದ್ದು ಅದೇ ಮೊದಲು.

"ಒಂದೊಂದು ಕಡೆ ಒಂದೊಂದು ಥರ ಸರ್," ಎಂದ ಕೋಲಣ್ಣ. "ನಮ್ಮ ಮನೆಗೆ ಮಹಡಿ ಇಲ್ಲ. ಪಕ್ಕದವರದು ಎರಡು ಮಹಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ತಮಾಷೆ ಮಾಡ್ತಾನೆ ಸರ್, ತಲೆ ಕೆಡಿಸ್ಕೋಬೇಡಿ," ಎಂದರು ಅಧ್ಯಕ್ಷರು.

"ತಮಾಷೆ ಅಲ್ಲ ಸರ್. ಅಲ್ಲಿ ನಲವತ್ತೊಂದು ಮನೆ ಇದಾವೆ. ಕೆರೆ ಬರೆದವನು ನಾನೇ."

"ಹಾಗಾದ್ರೆ ಇಷ್ಟು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ರಿ?" ಎಂದರು ಹಿರಿಯ ಶಾಸಕರು.

"ಯಾರೂ ಆಳ ಕೇಳಿರಲಿಲ್ಲ ಸರ್."

ಅವನು ಕೋಲಿನ ತುದಿಯನ್ನು ನೀಲಿಯ ನಡುವೆ ಊರಿದ. ಹಿರಿಯ ಶಾಸಕರು ಅದನ್ನು ನೋಡಿದರು. ಆಮೇಲೆ ಎದ್ದು ಚಪ್ಪಲಿ ಹುಡುಕಿದರು. "ನಡೀರಿ, ಈಜು ಬರದೆ ಇದ್ರೂ ಪರವಾಗಿಲ್ಲ ಅಂತಾಯ್ತು."

ಕಾಲುಗಂಟೆಯ ದಾರಿ. ಬೀದಿಯ ತಿರುವಿನಲ್ಲಿ ಅಧ್ಯಕ್ಷರು ತಮಗರಿವಿಲ್ಲದೆ ಪಂಚೆಯ ಅಂಚನ್ನು ತುಸು ಮೇಲೆತ್ತಿಕೊಂಡರು. ಎದುರಿನಿಂದ ಅಕ್ಕ ಎರಡು ಕೈಯಲ್ಲಿ ಎರಡು ಬಕೆಟ್‌ ನೀರು ಹಿಡಿದು ಬರುತ್ತಿದ್ದಳು.

"ದಾರಿ ಬಿಡಿ ಸ್ವಾಮಿ, ಚೆಲ್ಲಿದ್ರೆ ನಿಮ್ಮ ಇಸ್ತ್ರಿ ಹಾಳಾಗುತ್ತೆ."

"ಮನೆಗೆ ಕೊಳಾಯಿ ಇಲ್ವೇನಮ್ಮಾ?" ಎಂದರು ಹಿರಿಯ ಶಾಸಕರು.

"ಇದು ಕೆರೆಯಂತೆ. ಕೆರೆಗ್ಯಾಕೆ ಕೊಳಾಯಿ ಅಂತ ಆಫೀಸಿನೋರು ಕೇಳ್ತಾರೆ. ಅದನ್ನ ಬರೆದ ಮಹಾನುಭಾವ ಒಂದಿನ ಸಿಗಲಿ, ಎರಡೂ ಬಕೆಟ್ಟು ಅವನ ಕೈಗೆ ಕೊಡ್ತೀನಿ, ಹೊರಲಿ."

ಕೋಲಣ್ಣ ಮುಂದೆ ಬಂದು ಅವಳ ಕೈಯಿಂದ ಎರಡೂ ಬಕೆಟ್‌ ಇಸಿದುಕೊಂಡ. ಅಕ್ಕ ಅವನ ಮುಖ ನೋಡಿದಳು. ಅಧ್ಯಕ್ಷರ ಮುಖ ನೋಡಿದಳು. ಮತ್ತೆ ಅವನ ಮುಖ. ಅವಳ ಕೈಗಳು ಬಕೆಟ್‌ ಹಿಡಿದ ಭಂಗಿಯಲ್ಲೇ ಗಾಳಿಯಲ್ಲಿ ನಿಂತಿದ್ದವು. ಅವನು ಬಾಗಿಲವರೆಗೆ ಹೊತ್ತು ನಡೆದ. ಒಂದು ಹನಿಯೂ ಚೆಲ್ಲಲಿಲ್ಲ.

ನಿರ್ಣಯ ಅಂದು ಸಂಜೆಯೇ ಆಯಿತು. ಪ್ರತಿಯ ಮೇಲೆ ಮನೆಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಸಹಿ ಮಾಡಿದರು. ಅಪ್ಪಣೆಯಿಲ್ಲದೆ ಸಭೆಯಲ್ಲಿ ಮಾತಾಡಿದ್ದಕ್ಕೆ ಕೋಲಣ್ಣನನ್ನು ಜನನ ಮರಣ ವಿಭಾಗಕ್ಕೆ ಹಾಕಿದ ಆದೇಶವೂ ಮರುದಿನವೇ ಬಂತು. ಹೋಗಲು ನಾಲ್ಕು ದಿನ ಸಮಯವಿತ್ತು. ನಾಲ್ಕೂ ದಿನ ಅವನು ಏಣಿಯ ಮೇಲಿದ್ದ. ನೀಲಿ ಸುಲಭಕ್ಕೆ ಬಿಡುವಂಥದ್ದಾಗಿರಲಿಲ್ಲ. ಮೂರು ಸಲ ಬಿಳಿ ಬಳಿದರೂ ಒಳಗಿಂದ ಇಣುಕಿತು. ಎಳ್ಳಿನಷ್ಟು ಗಾತ್ರದ ಮನೆಗಳು ಮಸುಕು ಬೆಳಕಿನಲ್ಲಿ ತೇಲುವಂತೆ ಕಂಡವು. ಹಾಗೇ ಇರಲಿ ಎಂದು ಬಿಟ್ಟ.

ಅಕ್ಕ ನಾಲ್ಕು ದಿನವೂ ಅವನ ಜೊತೆ ಮಾತಾಡಲಿಲ್ಲ. ಐದನೆಯ ದಿನ, ಹೊಸ ವಿಭಾಗಕ್ಕೆ ಹೊರಟವನ ಅಂಗಿಯನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ ಕೈಗಿತ್ತಳು.

"ಜನನ ಮರಣ ಅಲ್ವಾ?" ಎಂದಳು. "ಹಳೇ ಪುಸ್ತಕ ನೋಡ್ಕೊಂಡು ನಕಲು ಹೊಡೀಬೇಡ ಮಾರಾಯ. ಉಸಿರಿದೆಯೋ ಇಲ್ವೋ, ಹೋಗಿ ನೋಡಿ, ಆಮೇಲೆ ಬರಿ."