ಒಂದು ಸಾಲು ಜಾರಿದ ಮುಖಗಳು

ಜಹನಾರಾ ಬೀ ಅವರ ಚೀಲ ಗೊತ್ತಿಲ್ಲದ ಮನೆ ಶಿವಾಜಿನಗರದಲ್ಲಿ ಇರಲಿಲ್ಲ. ಕಂದು ಬಣ್ಣದ, ಜಿಪ್ ಕೆಟ್ಟುಹೋದ ರೆಕ್ಸಿನ್ ಚೀಲ. ಫ್ರೇಜರ್ ಟೌನಿನಿಂದ ಕೆ.ಆರ್. ಪುರದವರೆಗೆ ಮದುವೆಗೆ ಬಂದ ಹೆಣ್ಣುಮಕ್ಕಳೆಲ್ಲ ಅದರೊಳಗೆ ಫೋಟೊ ಆಗಿ ಕೂತಿರುತ್ತಿದ್ದರು. ಸಂಬಂಧ ಕೂಡಿಸುವುದೇ ಜಹನಾರಾ ಬೀ ಅವರ ಕಸುಬು. ಗಂಡಿನ ಕಡೆಯವರು ಚಹಾ ಕೊಟ್ಟು ಸಮೋಸ ಕೊಟ್ಟು ಎಷ್ಟೇ ಗೋಗರೆದರೂ ಒಂದು ಫೋಟೊವನ್ನೂ ಅವರ ಮನೆಯಲ್ಲಿ ಬಿಟ್ಟುಬರುತ್ತಿರಲಿಲ್ಲ. ಕೈಯಲ್ಲಿ ಹಿಡಿದು ತೋರಿಸುವುದು, ನೋಡಿದ್ದಾದ ಮೇಲೆ ಮತ್ತೆ ಚೀಲಕ್ಕೆ ಹಾಕಿಕೊಳ್ಳುವುದು. ಫೋಟೊದ ಹಿಂದೆ ಹೆಸರು ಬರೆಯುತ್ತಿರಲಿಲ್ಲ, ಬರೀ ನಂಬರ್. ಎಲ್ಲಾದರೂ ಬಿದ್ದುಹೋದರೆ ಇದು ಯಾರ ಮನೆಯ ಮಗಳು ಎಂದು ಬೀದಿಗೆಲ್ಲ ಗೊತ್ತಾಗಬಾರದಲ್ಲ. ರಂಜಾನ್ ಹಬ್ಬ ಕಳೆದ ಮೇಲೆ, ಆ ವರ್ಷ ಮದುವೆಯಾದವರ ಫೋಟೊಗಳನ್ನು ಅವರವರ ತಾಯಂದಿರಿಗೆ ಒಪ್ಪಿಸಿ, ಉಳಿದವರಿಗೂ ಹೊಸಬರಿಗೂ ಮತ್ತೆ ಒಂದರಿಂದ ನಂಬರ್ ಹಾಕುತ್ತಿದ್ದರು.

ಹೋದ ವರ್ಷ ಅವರ ಕಣ್ಣು ಮಂಜಾಯಿತು. ಮಗಳು ಬಂದು ಬಾಣಸವಾಡಿಗೆ ಕರೆದುಕೊಂಡು ಹೋದಳು. ಹೋಗುವಾಗ ಚೀಲವನ್ನು ಶಿರೀನಳ ಮಡಿಲಿಗೆ ಹಾಕಿ, ಇನ್ನು ನೀನೇ ನೋಡಿಕೋ ಎಂದರು. ಶಿರೀನ್ ಅವರಿಗೆ ದೂರದ ತಂಗಿಯ ಮಗಳು. ಖಾಲಾ ಖಾಲಾ ಎನ್ನುತ್ತಾ ಅವರ ಹಿಂದೆ ಮನೆಮನೆ ಸುತ್ತಿ ಕೆಲಸ ಕಲಿತವಳು.

ಊರಿಗೆಲ್ಲ ಮದುವೆ ಮಾಡಿಸುವ ಶಿರೀನಳಿಗೇ ಮದುವೆಯಾಗಿರಲಿಲ್ಲ. ಇದನ್ನು ಹೇಳಿ ನಗುವವರು ಬಹಳ ಜನ ಇದ್ದಾರೆ. ಅವರಿಗೆಲ್ಲ ನಗಲು ಬೇರೇನೂ ಸಿಗುವುದಿಲ್ಲವೋ ಏನೋ. ಇಪ್ಪತ್ತೆರಡಕ್ಕೆ ಹಲಸೂರಿನ ಸ್ಟುಡಿಯೋದಲ್ಲಿ ಫೋಟೊ ತೆಗೆಸಿದ್ದಾಗಿತ್ತು. ಅದೇ ವರ್ಷ ಅವಳ ಅಮ್ಮಿಗೆ ಲಕ್ವಾ ಹೊಡೆದು ಒಂದು ಪಕ್ಕ ಬಿದ್ದುಹೋಯಿತು. ನೋಡಲು ಬಂದವರೆಲ್ಲ ಹುಡುಗಿಯನ್ನು ಒಪ್ಪಿಕೊಂಡು, ಒಳಗಿನ ಮಂಚ ನೋಡಿ, ಆಮೇಲೆ ತಿಳಿಸುತ್ತೇವೆ ಎಂದು ಎದ್ದುಹೋಗುತ್ತಿದ್ದರು. ಸೊಸೆ ಬೇಕಿತ್ತು, ಅವಳ ಜೊತೆ ಬರುವ ಮಂಚ ಬೇಡವಾಗಿತ್ತು. ಅಮ್ಮಿ ತೀರಿಕೊಳ್ಳುವ ಹೊತ್ತಿಗೆ ಶಿರೀನಳಿಗೆ ನಲವತ್ತು ಆಗಿತ್ತು. ಬರುವವರು ನಿಂತು ಎಷ್ಟೋ ಕಾಲವಾಗಿತ್ತು.

ಈಗ ಅವಳದು ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ. ಬೀಗ ತೆಗೆದು ಒಳಗೆ ಕಾಲಿಡುವಾಗ, ಖಾಲಿ ಮನೆಗೂ ಸಲಾಂ ಹೇಳಬೇಕು ಎಂದು ಅಮ್ಮಿ ಕಲಿಸಿದ್ದರಿಂದ, ಗೋಡೆಗಳಿಗೆ ಸಲಾಂ ಹೇಳುತ್ತಾಳೆ. ಹಗಲೆಲ್ಲ ಫೋನಿನಲ್ಲಿ ಕಂಡವರ ಮಗಳ ಬಣ್ಣ, ಎತ್ತರ, ಓದು, ಅತ್ತೆಯ ಸ್ವಭಾವ ಎಂದು ಬಾಯಿ ನೋಯುವಷ್ಟು ಮಾತು. ಸಂಜೆ ಫೋನು ಸುಮ್ಮನಾದರೆ ಮುಗಿಯಿತು. ಊಟ ಮಾಡಿದೆಯಾ ಎಂದು ಕೇಳಲು ಒಂದು ನರಪಿಳ್ಳೆಯಿಲ್ಲ. ಒಲೆಯ ಪಕ್ಕ ನಿಂತುಕೊಂಡೇ ತಿಂದು, ಒಂದೇ ತಟ್ಟೆ ತೊಳೆದಿಡುತ್ತಾಳೆ.

ಈ ಕಾಲದ ಮನೆಗಳಿಗೆ ಚೀಲ ಹೊತ್ತು ಬರುವವರು ಬೇಡ, ಎಲ್ಲ ಮೊಬೈಲಿನಲ್ಲೇ ಬರಬೇಕು. ವಾಟ್ಸಾಪಿಗೆ ಫೋಟೊ ಹಾಕಿದರೆ ಅದು ಎಲ್ಲೆಲ್ಲಿ ತಿರುಗಿಬರುತ್ತದೋ ದೇವರಿಗೇ ಗೊತ್ತು. ಅದಕ್ಕೇ ಶಿರೀನ್ ಆನ್‌ಲೈನಿನಲ್ಲಿ ಒಂದು ಶೀಟ್ ಮಾಡಿದಳು. ಹೆಸರು, ವಯಸ್ಸು, ಓದು, ಬಡಾವಣೆ, ಕೊನೆಯ ಕಾಲಮ್ಮಿನಲ್ಲಿ ಫೋಟೊ. ಕೇಳಿದ ಮನೆಗೆ ಒಂದು ವಾರ ನೋಡಲು ಬಿಡುವುದು, ಆಮೇಲೆ ಬಾಗಿಲು ಹಾಕುವುದು. ಚೀಲದ ನಂಬರಿನ ಪ್ರಕಾರವೇ ಹೆಸರುಗಳನ್ನು ಟೈಪ್ ಮಾಡುತ್ತಾ ಹೋದಳು. ನಡುವೆ ತನ್ನದೇ ನಂಬರ್ ಬಂತು. ಪ್ರತಿ ವರ್ಷ ಬೇಡ ಬೇಡ ಎಂದರೂ ಖಾಲಾ ಅವಳ ಆ ಹಳೆಯ ಫೋಟೊಗೆ ಹೊಸ ನಂಬರ್ ಹಾಕಿ ಚೀಲದಲ್ಲಿ ಇಡುತ್ತಲೇ ಇದ್ದರು, ಹಟಮಾರಿ ಹೆಂಗಸು. ಶಿರೀನ್ ತನ್ನ ಹೆಸರು ಹೊಡೆದು, ವಯಸ್ಸಿನ ಚೌಕಕ್ಕೆ ಬಂದು, ಇಡೀ ಸಾಲನ್ನೇ ಅಳಿಸಿ, ಮುಂದಿನ ಹುಡುಗಿಗೆ ಹೋದಳು. ಅಳಿಸಿದ ಮಾತ್ರಕ್ಕೆ ಆಸೆ ಹೋಗುತ್ತದೆಯೇ? ಗಂಡ, ಮಕ್ಕಳು, ಅದೆಲ್ಲ ದೂರದ ಮಾತಾಗಿತ್ತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ಇವಳು ಯಾರು ಎಂದು ಕೇಳಲಿ ಎನ್ನುವುದಷ್ಟೇ ಉಳಿದಿತ್ತು. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿರಲಿಲ್ಲ, ಅಷ್ಟು ನಾಚಿಕೆ.

ಜೋಗುಪಾಳ್ಯದ ಒಂದು ಸ್ಟುಡಿಯೋದವನು ಚೀಲದ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ, ಹಿಂದಿದ್ದ ನಂಬರನ್ನೇ ಫೈಲಿಗೆ ಹೆಸರಾಗಿ ಇಟ್ಟು ಕೊಟ್ಟ. ಕೇಳದಿದ್ದರೂ ಬಣ್ಣ ತಿದ್ದಿ, ಎಲ್ಲರ ಹಿಂದೆಯೂ ಒಂದೇ ನೀಲಿ ಪರದೆ ಇಳಿಸಿ, ಹಳೆಯದು ಯಾವುದು ಹೊಸದು ಯಾವುದು ತಿಳಿಯದ ಹಾಗೆ ಮಾಡಿದ್ದ. ಶಿರೀನ್ ಒಂದೊಂದೇ ಫೋಟೊ ಹಾಕಲು ಕೂತಳು. ಚೌಕ ಒತ್ತು, ಮೆನು ತೆಗೆ, ಫೋಟೊ ಆರಿಸು, ತಿರುಗುವ ಚಕ್ರ ನೋಡುತ್ತಾ ಕಾಯಿ. ಮೊದಮೊದಲು ಅದು ಹಿತವಾಗಿಯೇ ಇತ್ತು. ಪ್ರತಿ ಮುಖದ ಜೊತೆ ಸ್ವಲ್ಪ ಹೊತ್ತು ಕೂತ ಹಾಗಾಗುತ್ತಿತ್ತು. ಆದರೆ ಅವಳ ನೆಟ್‌ವರ್ಕು ಆಮೆ ನಡಿಗೆಯದು. ಒಂದು ಫೋಟೊ ಬಂದರೆ ಇನ್ನೊಂದು ಅರ್ಧಕ್ಕೇ ನಿಲ್ಲುತ್ತಿತ್ತು. ಎರಡು ದಿನಕ್ಕೆ ತಲೆ ಕೆಟ್ಟುಹೋಯಿತು.

ಆಗ ಮೊಬೈಲಿನಲ್ಲಿ ಒಂದು ವೀಡಿಯೊ ಸಿಕ್ಕಿತು. ಎಲ್ಲ ಫೋಟೊಗಳನ್ನೂ ಒಂದು ಫೋಲ್ಡರಿಗೆ ಹಾಕಿ, ಎಲ್ಲದರ ಲಿಂಕನ್ನೂ ನಂಬರಿನ ಪ್ರಕಾರ ಒಟ್ಟಿಗೆ ತಂದು ಒಂದು ಕಾಲಮ್ಮಿಗೆ ಸುರಿದು, ಪಕ್ಕದ ಚೌಕದಲ್ಲಿ ಒಂದು ಸೂತ್ರ ಬರೆದು ಕೆಳಗೆ ಎಳೆದರೆ ಸಾಕು, ಅಷ್ಟೂ ಫೋಟೊ ತಾವಾಗಿಯೇ ಬಂದು ಕೂರುತ್ತವೆ ಎಂದು ಅದರಲ್ಲಿದ್ದ ಮನುಷ್ಯ ಹೇಳಿದ. ಒಂದೇ ಷರತ್ತು, ಲಿಂಕ್ ಇದ್ದ ಯಾರು ಬೇಕಾದರೂ ನೋಡುವ ಹಾಗೆ ಫೋಲ್ಡರನ್ನು ತೆರೆದಿಡಬೇಕು. ಖಾಲಾಗೆ ಗೊತ್ತಾದರೆ ಕಿವಿ ಹಿಂಡುತ್ತಾರೆ ಎಂದು ಶಿರೀನ್ ಹಿಂದೆಮುಂದೆ ನೋಡಿದಳು. ಕೊನೆಗೆ, ಫೋಟೊಗೆ ಬರೀ ನಂಬರ್ ತಾನೆ ಇರುವುದು, ಹೆಸರಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಗೇ ಮಾಡಿದಳು. ಸೂತ್ರ ಎಳೆದದ್ದೇ ತಡ, ಖಾಲಿ ಕಾಲಮ್ಮು ಮುಖಗಳಿಂದ ತುಂಬಿಹೋಯಿತು. ಮೇಲಿನ ಹತ್ತು ಹನ್ನೆರಡು ನೋಡಿದಳು, ಎಲ್ಲ ಸರಿಯಾಗಿದ್ದವು. ಖುಷಿಯಿಂದ, ಬಹಳ ದಿನದಿಂದ ಫೋನಿನಲ್ಲೇ ಕೇಳುತ್ತಿದ್ದ, ಅವಳ ಮುಖ ಕಾಣದ ಕೆ.ಆರ್. ಪುರದ ನಫೀಸಾ ಬೇಗಂ ಅವರಿಗೆ ಮೊದಲು ಶೀಟ್ ಕಳಿಸಿದಳು.

ನಫೀಸಾ ಬೇಗಂ ಅವರ ಮಗ ಫಹೀಮ್ ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಯಾವ ಹುಡುಗಿಯನ್ನು ತೋರಿಸಿದರೂ ಬೇಡ ಎನ್ನುವ ಆಸಾಮಿ. ಮೂರನೇ ದಿನ ಬೇಗಂ ಅವರೇ ಫೋನ್ ಮಾಡಿದರು. ದಖನಿ ಉರ್ದುವಿನಲ್ಲಿ ಆಡಿದ ಮಾತು, ಕನ್ನಡದಲ್ಲಿ ಹೇಳಿದರೆ ಹೀಗೆ.

"ಶಿರೀನ್, ಫ್ರೇಜರ್ ಟೌನ್ ಸುಮೈರಾ ಇದ್ದಾಳಲ್ಲ, ಅವಳ ಫೋಟೊ ಹತ್ರ ನಿಂತ್ಬಿಟ್ಟಿದ್ದಾನೆ ನಮ್ಮೋನು. ಈ ಮುಖ ಇರೋ ಮನೆಗೆ ದಿನಾ ಸಂಜೆ ಬೇಗ ಬರ್ಬೇಕು ಅನ್ಸುತ್ತೆ ಅಂದ. ಅವನ ಬಾಯಲ್ಲಿ ಇಂಥ ಮಾತು ನಾನು ಕೇಳೇ ಇಲ್ಲ."

ಭಾನುವಾರ ಹುಡುಗಿ ನೋಡಲು ಬರುತ್ತೇವೆ ಎಂದರು. ಶಿರೀನಳಿಗೆ ಹಿಗ್ಗೋ ಹಿಗ್ಗು. ಸುಮೈರಾಳ ತಾಯಿಗೆ ಫೋನ್ ಮಾಡೋಣವೆಂದು ಶೀಟ್ ತೆರೆದು ಆ ಸಾಲಿಗೆ ಹೋದಳು. ಸುಮೈರಾ, ಇಪ್ಪತ್ತಾರು, ಬಿ.ಎಡ್., ಫ್ರೇಜರ್ ಟೌನ್. ಪಕ್ಕದ ಚೌಕದಲ್ಲಿ, ನೀಲಿ ಪರದೆಯ ಮುಂದೆ, ದುಪಟ್ಟಾ ಹೊದ್ದು ಕೂತಿದ್ದವಳು ಶಿರೀನ್.

ಏನಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಸರುಗಳಿಂದ ತನ್ನನ್ನು ತೆಗೆದಿದ್ದಳು, ಫೋಟೊಗಳಿಂದ ತೆಗೆದಿರಲಿಲ್ಲ. ಅಲ್ಲಿಂದ ಕೆಳಗೆ ಒಬ್ಬಳ ಹೆಸರಿಗೆ ಇನ್ನೊಬ್ಬಳ ಮುಖ. ಫೈಲಿಗೆ ಹೆಸರಿದ್ದಿದ್ದರೆ ಆವತ್ತೇ ಕಣ್ಣಿಗೆ ಬೀಳುತ್ತಿತ್ತು.

ಆದರೆ ಅವಳು ತಕ್ಷಣ ಸರಿಮಾಡಲಿಲ್ಲ. ನೋಡುತ್ತಾ ಕೂತಳು. ಆ ಮುಖವನ್ನು ಒಬ್ಬ ಗಂಡಸು ನೋಡಿ, ನಿಂತು, ಬೇಗ ಮನೆಗೆ ಬರಬೇಕು ಅಂದಿದ್ದಾನೆ. ಮಂಚದ ವಿಷಯ ಅವನಿಗೆ ಗೊತ್ತಿಲ್ಲ, ಬರೀ ಮುಖ ನೋಡಿ ಅಂದಿದ್ದಾನೆ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು, ಹಿಂದೆಯೇ ಅಳು ಬಂತು. ಕನ್ನಡಿಯ ಕಡೆ ಹೋಗಲಿಲ್ಲ. ಅಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ನಾನೇ ಅವಳು ಎಂದುಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿದಳು. ಬೇಗಂ ಒಳ್ಳೆಯವರು, ನಗಲಾರರು. ಅಯ್ಯೋ ಮಗಳೇ ಎನ್ನುತ್ತಾರೆ. ಆ ಅಯ್ಯೋವನ್ನು ತಡೆದುಕೊಳ್ಳುವುದು ಅವಳಿಂದ ಆಗುವ ಕೆಲಸವಲ್ಲ. ಹಾಗೆಂದು ಬಾಯಿಗೆ ಬೀಗ ಹಾಕಿಕೊಂಡು ಕೂತರೆ, ಭಾನುವಾರ ಆ ಹುಡುಗಿ ಸುಮೈರಾ ಚಹಾ ಹಿಡಿದು ಬಂದು, ಇವಳಲ್ಲ ಎನ್ನಿಸಿಕೊಳ್ಳಬೇಕಾಗುತ್ತದೆ. ಆಮೇಲೆ ತಿಳಿಸುತ್ತೇವೆ ಎನ್ನಿಸಿಕೊಂಡು ಒಳಗೆ ಹೋಗುವುದು ಎಂಥದ್ದೆಂದು ಶಿರೀನಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತನ್ನ ಫೋಟೊದ ಲಿಂಕ್ ಅಳಿಸಿ, ಕೆಳಗಿನವನ್ನು ಒಂದು ಸಾಲು ಮೇಲಕ್ಕೆ ಎಳೆದಳು. ಹುಡುಗಿಯರೆಲ್ಲ ಅವರವರ ಹೆಸರಿನ ಪಕ್ಕಕ್ಕೆ ಹೋದರು. ದುಂಡು ಮುಖದ, ಕನ್ನಡಕದ ಸುಮೈರಾ ತನ್ನ ಜಾಗಕ್ಕೆ ಬಂದಳು. ಆಮೇಲೆ ಬೇಗಂ ಅವರಿಗೆ ಫೋನ್ ಮಾಡಿ, ತಪ್ಪು ತನ್ನದು, ಫೋಟೊಗಳು ಒಂದು ಸಾಲು ಜಾರಿದ್ದವು, ಈಗ ಸರಿಯಾಗಿದೆ, ಇನ್ನೊಮ್ಮೆ ನೋಡಿ ಎಂದು ಹೇಳಿದಳು. ಬೇಗಂ ನೋಡಿದರು. ಈ ಹುಡುಗಿಯೂ ಚೆನ್ನಾಗಿದ್ದಾಳೆ, ಮಗನಿಗೆ ತೋರಿಸುತ್ತೇನೆ ಎಂದರು. ಫೋನ್ ಮಾತ್ರ ಇಡಲಿಲ್ಲ.

"ಮೊದ್ಲು ಇದ್ದೋಳು ಯಾರು, ಶಿರೀನ್?"

ಇಷ್ಟು ವರ್ಷ ಕಾದಿದ್ದ ಮಾತು ಬಂದೇಬಿಟ್ಟಿತ್ತು. ಸುಮ್ಮನಿದ್ದರೆ ಅಳು ಕೇಳಿಸಿಬಿಡುತ್ತದೆ ಎಂದು ಹೆದರಿ ಶಿರೀನ್ ಬಾಯಿ ತೆರೆದಳು.

"ಅವಳದ್ದು ಯಾವಾಗ್ಲೋ ಆಗ್ಹೋಯ್ತು, ಬೇಗಂ ಸಾಹೇಬಾ. ಫೋಟೊ ತೆಗೆಯೋದು ಮರ್ತಿದ್ವಿ."

"ಅಯ್ಯೋ, ನಮ್ಮ ನಸೀಬು. ಎಲ್ಲಿಗೆ ಕೊಟ್ರು?"

"ಇಲ್ಲೇ, ಶಿವಾಜಿನಗರದಲ್ಲೇ."

"ಒಳ್ಳೆ ಮನೆನಾ?"

ಶಿರೀನ್ ಸುತ್ತ ನೋಡಿದಳು. ಒಂದು ಒಲೆ, ಒಂದು ತಟ್ಟೆ, ಗೋಡೆಗೆ ಒರಗಿಸಿಟ್ಟ ಅಮ್ಮಿಯ ಮಂಚ. "ಚಿಕ್ಕ ಮನೆ," ಎಂದಳು. "ಯಾರೂ ಏನೂ ಅನ್ನಲ್ಲ ಅವಳಿಗೆ."

"ಅಷ್ಟು ಸಾಕು ಬಿಡು. ಎಲ್ಲಿದ್ರೂ ಅಲ್ಲಾ ಅವಳ ಮನೆ ತುಂಬಿಸ್ಲಿ."

ಹಿರಿಯರು ದುವಾ ಮಾಡಿದಾಗ ಸುಮ್ಮನಿರಬಾರದು. ಶಿರೀನ್ ಆಮೀನ್ ಎಂದಳು.