ಮುನಿಯಮ್ಮ ಕಟ್ಟಿದ ಓಲೆಗಳು

“ನೋಡಿ ಮೇಷ್ಟ್ರೇ, ಉದ್ದನೇವೆಲ್ಲ ಒಂದ್ಕಡೆ, ಮೋಟುವೆಲ್ಲ ಒಂದ್ಕಡೆ ಕಟ್ಟಿವ್ನಿ. ಒಂದು ಗರೀನೂ ಮುರಿದಿಲ್ಲ!” ನಮ್ಮ ಶಾಲೆ ಗುಡಿಸುತ್ತಿದ್ದ ಮುನಿಯಮ್ಮ ನಗುತ್ತಾ ನಾಲ್ಕು ಕಟ್ಟು ನನ್ನ ಮುಂದಿಟ್ಟರು. ನಾನು ಕಟ್ಟುಗಳನ್ನು ಎರಡೆರಡು ಸಲ ಎಣಿಸಿದೆ.

ಎಂಬತ್ತರ ದಶಕದ ಮಾತು. ಬೇರಿಕೆ ಎಂಬ ಊರಿನ ಹತ್ತಿರದ ಆ ಶಾಲೆಯ ಲೈಬ್ರರಿ ನನ್ನ ವಶದಲ್ಲಿತ್ತು. ಊರಿನ ನಾಟಿವೈದ್ಯರು ಕೊಟ್ಟಿದ್ದ ಒಂಬತ್ತು ಓಲೆಗರಿ ಪುಸ್ತಕಗಳು ಅಲ್ಲಿನ ಬೀರುವಿನಲ್ಲಿದ್ದವು. ಮಳೆಗೆ ಹೆಂಚು ಸೋರಿ ಅವು ನೆನೆದಾಗ ನಾನು ಕೃಷ್ಣಗಿರಿಯಲ್ಲಿ ಟ್ರೈನಿಂಗಿಗೆ ಹೋಗಿದ್ದೆ. ಸುದ್ದಿ ತಂದವನ ಕೈಲಿ, “ದಾರ ಬಿಚ್ಚಿ ನೆರಳಲ್ಲಿ ಹರಡೋಕೆ ಮುನಿಯಮ್ಮಂಗೆ ಹೇಳು” ಎಂದಷ್ಟೇ ಹೇಳಿ ಕಳಿಸಿದೆ. ಒಂದಕ್ಕೊಂದು ಬೆರೆಸಬೇಡಿ ಅನ್ನಲು ಹೊಳೆಯಲೇ ಇಲ್ಲ.

ಮುನಿಯಮ್ಮ ಮೊದಲು ವೀಳ್ಯದೆಲೆ ತೋಟದಲ್ಲಿ ಕೂಲಿಗಿದ್ದವರು. ಎಲೆಯ ಅಳತೆ ನೋಡಿ ಜೋಡಿಸಿ, ಬಾಳೆನಾರಿನಲ್ಲಿ ಕಟ್ಟುವುದು ಅವರಿಗೆ ಅಭ್ಯಾಸ. ಒಂಬತ್ತೂ ಪುಸ್ತಕಗಳ ಓಲೆಗಳನ್ನು ಬೆರೆಸಿ ಹಾಗೇ ಕಟ್ಟಿದ್ದರು. ಯಾವುದರ ಹಿಂದೆ ಯಾವುದು ಎಂದು ಬಲ್ಲ ವೈದ್ಯರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಪ್ರತಿ ಗರಿಗೂ ನಂಬರ್ ಹಾಕೋಣ ಬಾರಪ್ಪ ಎಂದು ಅವರು ಎರಡು ಸಲ ಕರೆದಿದ್ದರು. ರಜೆಯಲ್ಲಿ ನೋಡೋಣ ಅಂದಿದ್ದೆ.

ಎರಡು ದಿನ ಬಗ್ಗಿ ದುಡಿದಿದ್ದ ಆಕೆಗೆ, “ಚೆನ್ನಾಗಿ ಕಟ್ಟಿದ್ದೀರಮ್ಮ” ಅಂದೆ. ಬೇರೆ ಊರಿಗೆ ವರ್ಗವಾಗುವವರೆಗೂ ಆ ಕಟ್ಟುಗಳನ್ನು ನಾನು ಬಿಚ್ಚಲಿಲ್ಲ.