ರಟ್ಟೆಯಕ್ಕನ ಮೊದಲ ಗುದ್ದು

ಸೋಮವಾರ, ಬೆಳಗಿನ ಐದೂವರೆ. ಕಿಟಕಿಯ ಗಾಜು ಇನ್ನೂ ಬೂದು ಬಣ್ಣದಲ್ಲಿದೆ. ಮುದುಕರ ವಾರ್ಡಿನ ನಾಲ್ಕನೇ ಮಂಚದಲ್ಲಿ ಮಲಗಿರುವ ಅಜ್ಜಿಯ ಬೆನ್ನಡಿಗೆ ಒಂದು ಕೈ, ಮಂಡಿಯಡಿಗೆ ಇನ್ನೊಂದು ಕೈ ತೂರಿಸುತ್ತಾರೆ ಆಯಾ. "ಗೋಡೆ ಕಡೆ ಹೊರಳೋಣ ಅಜ್ಜಿ. ನೀವೇನೂ ಮಾಡ್ಬೇಡಿ, ಭಾರ ನನ್ಮೇಲೆ ಬಿಡಿ." ಒಂದೇ ಉಸಿರಿಗೆ ಅಜ್ಜಿ ಮಗ್ಗುಲಾಗುತ್ತಾರೆ. ಮಂಚ ಕಿರುಗುಟ್ಟುವುದೂ ಇಲ್ಲ. ಚಾದರದ ಸುಕ್ಕು ನೀವಿ, ಬೆನ್ನಿನ ಚರ್ಮ ಕೆಂಪಾಗಿದೆಯೇ ಎಂದು ಬಗ್ಗಿ ನೋಡಿ, ಆಯಾ ಮುಂದಿನ ಮಂಚಕ್ಕೆ ನಡೆಯುತ್ತಾರೆ. ಅವರ ಬಲಗೈಯ ಗೆಣ್ಣುಗಳು ಊದಿಕೊಂಡಿವೆ. ಐದು, ಆರು ಮುಗಿದರೆ ಏಳು. ಏಳನೇ ಮಂಚದ ಕಡೆ ಅವರ ಕಣ್ಣು ಹೋಗುತ್ತಿಲ್ಲ.

ನಲವತ್ತೇಳರ ಈ ಹೆಂಗಸನ್ನು ವಾರ್ಡಿನವರೆಲ್ಲ ಕರೆಯುವುದು ರಟ್ಟೆಯಕ್ಕ ಎಂದು. ಇಲ್ಲಿರುವುದು ಇಪ್ಪತ್ತೆರಡು ಮಂಚ. ತಾವಾಗಿ ಮಗ್ಗುಲು ಬದಲಿಸಲಾಗದವರು ಒಂಬತ್ತು ಮಂದಿ. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ಮೂವತ್ತಾರು ಸಲ ಹೊರಳಿಸಬೇಕು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ವೈದ್ಯರ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿದೆ. ರಟ್ಟೆಯಕ್ಕನ ಹೆಸರು ಪಾಳಿಯ ಪಟ್ಟಿಯಲ್ಲಿದೆ, ಅದೂ ಪೆನ್ಸಿಲಿನಲ್ಲಿ.

ಏಳನೇ ಮಂಚದಲ್ಲಿರುವವರು ಒಂದು ಕಾಲದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು. ಈಗ ನೆನಪೆಲ್ಲ ಕಲಸಿಹೋಗಿದೆ. ಮೂರು ವಾರದ ಕೆಳಗೆ ಬಾಯಿ ಒರೆಸಲು ಬಗ್ಗಿದ ರಟ್ಟೆಯಕ್ಕನ ಕೆನ್ನೆಗೆ ಅವರು ಫಟಾರನೆ ಬಿಟ್ಟರು. ಏಟು ದೊಡ್ಡದಲ್ಲ, ಈ ಕೆಲಸದಲ್ಲಿ ಅಂಥದ್ದು ಹೊಸದೂ ಅಲ್ಲ. ರಟ್ಟೆಯಕ್ಕನ ಜೀವ ಹಾರಿಸಿದ್ದು ಆಮೇಲಿನ ಗಳಿಗೆ. ಅವರದೇ ಬಲಗೈ ಮುಷ್ಟಿ ಕಟ್ಟಿಕೊಂಡು, ಮುದುಕರ ಮುಖದ ಮೇಲೆ ಗಾಳಿಯಲ್ಲಿ ನಿಂತಿತ್ತು.

"ನಾನು ಎತ್ತಿದ್ದಲ್ಲ, ಅದೇ ಎದ್ದಿತ್ತು. ಯಾರೂ ನೋಡ್ಲಿಲ್ಲ. ನಾನು ನೋಡಿದ್ನಲ್ಲ" ಎನ್ನುತ್ತಾರೆ ಅವರು.

ಅಂದಿನಿಂದ ಏಳನೇ ಮಂಚವನ್ನು ಬೇರೆಯವರಿಗೆ ದಾಟಿಸಿ ದಿನ ನೂಕಿದರು. ಕೊನೆಗೆ ಹಿರಿಯ ನರ್ಸ್ ಮುಂದೆ ನಿಂತು ಎಲ್ಲ ಹೇಳಿಕೊಂಡರು. "ನನ್ನನ್ನ ಬಟ್ಟೆ ಒಗೆಯೋ ಕಡೆ ಹಾಕ್ಬಿಡಿ ಸಿಸ್ಟರ್. ಈ ಕೈನ ನಾನು ನಂಬಲ್ಲ."

"ನೀನು ಹೋದ್ರೆ ಒಂಬತ್ತು ಬೆನ್ನು ನೋಡ್ಕೊಳ್ಳೋರ್ಯಾರು?" ಎಂದರು ನರ್ಸ್. "ನನ್ನ ಅಕ್ಕನ ಮಗಳು ಕಿಕ್‌ಬಾಕ್ಸಿಂಗ್ ಹೇಳ್ಕೊಡ್ತಾಳೆ. ಭಾನುವಾರ ಅಲ್ಲಿಗೆ ಹೋಗು. ಸೋಮವಾರ ಏಳನೇ ಮಂಚಕ್ಕೆ ನೀನೇ ಹೋಗ್ಬೇಕು. ಆಗ್ಲೂ ಆಗಲ್ಲ ಅಂದ್ರೆ ವರ್ಗಾವಣೆಗೆ ನಾನೇ ಬರ್ಕೊಡ್ತೀನಿ."

ಹೊಡೆಯಲು ಹೆದರಿ ಬಂದವಳನ್ನು ಹೊಡೆಯಲು ಕಲಿಸುವ ಜಾಗಕ್ಕೆ ಕಳಿಸುವುದು ಯಾವ ಸೀಮೆಯ ಔಷಧವೋ ರಟ್ಟೆಯಕ್ಕನಿಗೆ ತಿಳಿಯಲಿಲ್ಲ. ಆದರೂ ಹೋದರು.

ತರಗತಿ ನಡೆಯುವುದು ಟೈರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ. ಮಗಳ ಹಳೆಯ ಪ್ಯಾಂಟು ತೊಟ್ಟು, ಬರಿಗಾಲಲ್ಲಿ ಬಾಗಿಲ ಬಳಿ ನಿಂತ ರಟ್ಟೆಯಕ್ಕ ಕಂಡದ್ದು ಹನ್ನೊಂದು ಜನ. ಒಬ್ಬರಿಗೊಬ್ಬರು ನಗುನಗುತ್ತಲೇ ಒದೆಯುತ್ತಿದ್ದಾರೆ. ಒದೆ ತಿಂದವಳು "ಚೆನ್ನಾಗಿತ್ತು ಕಣೇ" ಎನ್ನುತ್ತಾಳೆ. ಇಪ್ಪತ್ತೇಳರ ತರಬೇತುದಾರಳು ಉದ್ದನೆಯ ಬಟ್ಟೆಪಟ್ಟಿ ಕೊಟ್ಟು ಕೈಗೆ ಸುತ್ತಿಕೊಳ್ಳಲು ಹೇಳುತ್ತಾಳೆ. ಮಣಿಕಟ್ಟಿಗೆ ಮೂರು ಸುತ್ತು, ಬೆರಳ ಸಂದಿಗೊಂದು ಮಡಿಕೆ. ರಟ್ಟೆಯಕ್ಕ ನಿಮಿಷದಲ್ಲಿ ಮುಗಿಸಿದ ಆ ಕಟ್ಟನ್ನು ಹುಡುಗಿ ಬಾಯಿ ಬಿಟ್ಟು ನೋಡುತ್ತಾಳೆ. "ಏಟು ಬೀಳೋಕೆ ಮುಂಚೆನೇ ಪಟ್ಟಿ ಕಟ್ಕೊಳ್ಳೋದು ಇಲ್ಲೇ ನೋಡಿದ್ದು" ಎನ್ನುತ್ತಾರೆ ರಟ್ಟೆಯಕ್ಕ.

ತೂಗುಹಾಕಿದ ಚೀಲಕ್ಕೆ ಒದೆಯಬೇಕು. ಒದ್ದವರು ರಟ್ಟೆಯಕ್ಕ, ಅಂಡೂರಿ ಬಿದ್ದವರೂ ಅವರೇ, ಚೀಲ ಅಲ್ಲಾಡಲಿಲ್ಲ. ಆಮೇಲೆ ಹುಡುಗಿ ಎದೆಯ ಮುಂದೆ ದಪ್ಪ ದಿಂಬು ಹಿಡಿದು ಗುದ್ದಲು ಹೇಳುತ್ತಾಳೆ. ರಟ್ಟೆಯಕ್ಕ ತಟ್ಟುತ್ತಾರೆ.

"ಅಕ್ಕ, ನೀವು ನನ್ನನ್ನ ಹೊಡೀತಿದೀರೋ, ಮಲಗಿಸ್ತಿದೀರೋ?"

ಎಲ್ಲರೂ ನಗುತ್ತಾರೆ. ರಟ್ಟೆಯಕ್ಕ ಕಣ್ಣು ಮುಚ್ಚಿ, ಮೈಯ ಭಾರವನ್ನೆಲ್ಲ ಹಾಕಿ ಒಂದು ಬಿಡುತ್ತಾರೆ. ಗುದ್ದು ದಿಂಬಿನ ಅಂಚು ಸವರಿ ನೇರ ಹುಡುಗಿಯ ಮೂಗಿಗೆ. ನಗು ಗಕ್ಕನೆ ನಿಲ್ಲುತ್ತದೆ. ಹುಡುಗಿಯ ತುಟಿ, ಗದ್ದ, ಬಿಳಿ ಅಂಗಿ ಎಲ್ಲ ರಕ್ತ.

ರಟ್ಟೆಯಕ್ಕನ ಕೈ ತನ್ನ ಕಸುಬು ಮರೆಯುವುದಿಲ್ಲ. ಹುಡುಗಿಯನ್ನು ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗ ಒತ್ತಿ ಹಿಡಿಯುತ್ತದೆ. ಹತ್ತು ನಿಮಿಷ ಹಾಗೇ. "ಅವರ ಮೂಳೆ ಒಣ ಕಡ್ಡಿ ಥರ ಇದೆ. ಅವತ್ತು ಇದು ಬಿದ್ದಿದ್ರೆ ಏನ್ ಗತಿ?" ಎಂದು ಹುಡುಗಿಗೆ ಮುದುಕರ ಸಂಗತಿಯನ್ನೆಲ್ಲ ಹೇಳುತ್ತಾರೆ.

"ಅವತ್ತು ಏಟು ಬಿದ್ದಾಗ ಕಣ್ಣು ಮುಚ್ಚಿದ್ರಾ?" ಮೂಗು ಹಿಡಿಸಿಕೊಂಡೇ ಕೇಳುತ್ತಾಳೆ ಹುಡುಗಿ.

"ಮುಚ್ಚದೆ?"

"ಈಗ್ಲೂ ಮುಚ್ಚಿದ್ರಿ. ಕಣ್ಣು ಮುಚ್ಚಿದ ಮೇಲೆ ಕೈಗೆ ಹೇಳೋರ್ಯಾರು? ಏಳಿ, ಇವತ್ತು ನೀವು ಹೊಡೆಯೋದು ಬೇಡ. ನಾನು ಹೊಡೀತೀನಿ, ನೀವು ನೋಡಿ ಸಾಕು. ಮುಷ್ಟಿ ನೋಡ್ಬೇಡಿ, ಹೆಗಲು ನೋಡಿ. ಏಟಿಗೆ ಮುಂಚೆ ಅದು ಏಳುತ್ತೆ."

"ನಮ್ಮನೆ ಹಸು ಒದೆಯೋಕೆ ಮುಂಚೆ ತೊಡೆ ಅದುರಿಸ್ತಿತ್ತು."

"ಹಾಂ, ನನ್ನನ್ನ ಹಸು ಅಂತಾನೇ ತಿಳ್ಕೊಳ್ಳಿ."

ಮೂಗಿಗೆ ಹತ್ತಿ ತುರುಕಿಕೊಂಡ ಹುಡುಗಿ ಮೆಲ್ಲಗೆ ಮುಷ್ಟಿ ಬೀಸುತ್ತಾಳೆ. ಹನ್ನೊಂದು ಸಲ ರಟ್ಟೆಯಕ್ಕ ಕಣ್ಣು ಮುಚ್ಚುತ್ತಾರೆ, ಹನ್ನೊಂದು ಸಲವೂ ಹಣೆಗೆ ಮೆತ್ತಗೆ ತಾಗುತ್ತದೆ. ಹನ್ನೆರಡನೆಯದು ಬರುವುದು ಕಾಣುತ್ತದೆ.

ಮನೆಯಲ್ಲಿ ದರ್ಜಿ ಗಂಡ ಊದಿದ ಕೈ ನೋಡಿ, "ಮೂಗು ಒಡೆದು ಬಂದಿದೀಯಂತೆ. ಅಡುಗೆಗೆ ಉಪ್ಪು ಕಮ್ಮಿ ಅಂತ ಹೇಳೋಣ ಅಂತಿದ್ದೆ, ಹೋಗ್ಲಿ ಬಿಡು" ಎಂದರು. ರಟ್ಟೆಯಕ್ಕನಿಗೆ ನಗು ಬರಲಿಲ್ಲ.

ಈಗ ಏಳನೇ ಮಂಚ. ಎಡಗೈ ಮುದುಕರ ಕತ್ತಿನಡಿಗೆ ಹೋಗುತ್ತದೆ, ಬಲಗೈಯಲ್ಲಿ ಒದ್ದೆ ಬಟ್ಟೆ. "ಬಾಯಿ ಒರೆಸ್ತೀನಿ ಯಜಮಾನ್ರೇ." ಮುದುಕರ ಕಣ್ಣು ಅಗಲವಾಗುತ್ತದೆ. ಅವರ ಬಲ ಹೆಗಲು ಇಷ್ಟೇ ಇಷ್ಟು ಏಳುತ್ತದೆ. ರಟ್ಟೆಯಕ್ಕ ತಲೆಯನ್ನು ಒಂದು ಗೇಣು ಓರೆ ಮಾಡುತ್ತಾರೆ. ಮುಷ್ಟಿ ಕಿವಿಯ ಪಕ್ಕದಲ್ಲೇ ಹಾದು ದಿಂಬಿನ ಮೇಲೆ ಬೀಳುತ್ತದೆ. ಎಡಗೈ ಕತ್ತಿನಡಿಯಿಂದ ಕದಲಿಲ್ಲ. ಬಲಗೈ ಒದ್ದೆ ಬಟ್ಟೆ ಬಿಟ್ಟಿಲ್ಲ. ಆ ಬಲಗೈಯನ್ನೇ ರಟ್ಟೆಯಕ್ಕ ಯಾರದೋ ಕೈ ನೋಡಿದಂತೆ ನೋಡುತ್ತಾ ನಿಲ್ಲುತ್ತಾರೆ.

"ಯಾರು ನೀನು?" ಮುದುಕರು ಕೇಳುತ್ತಾರೆ.

"ಬಾಯಿ ಒರೆಸೋಳು."

"ಒರೆಸು ಮತ್ತೆ."

ಬಟ್ಟೆ ಒಗೆಯುವ ಕಡೆಗೆ ವರ್ಗಾವಣೆ ಇನ್ನೂ ಬೇಕೇ ಎಂದು ಕೇಳಿದರೆ ರಟ್ಟೆಯಕ್ಕ ಮುದುಕರ ಚಾದರದ ಸುಕ್ಕು ನೀವಿ ಮುಗಿದ ಮೇಲೆ ಹೇಳುತ್ತಾರೆ: "ಒಂದೇ ಆಸೆ. ಇವರು ಹುಷಾರಾಗಿ ಮನೆಗೆ ಹೋಗೋ ದಿನ ಗಾಲಿಕುರ್ಚಿ ಗೇಟಿನ ತನಕ ನಾನೇ ತಳ್ಬೇಕು. ಬೇರೆ ಯಾರ ಕೈಗೂ ಕೊಡಲ್ಲ."